ಚೇತಕ್‌ನ ಬಾಲದ ಮೇಲಿನ ಸಂಖ್ಯೆಯನ್ನು ನಂಬಬಹುದೇ?

ಪ್ರಶ್ನೆ: ಉಡುಪಿ ಸಮೀಪದ ನಮ್ಮ ಶಾಲೆಯ ಅಂಗಳದಲ್ಲಿ ಸೇವೆಯಿಂದ ನಿವೃತ್ತವಾದ ಚೇತಕ್ ಹೆಲಿಕಾಪ್ಟರೊಂದು ಬಹಳ ವರ್ಷಗಳಿಂದ ಕಟ್ಟೆಯ ಮೇಲೆ ನಿಂತಿದೆ. ಮಳೆಗೂ ಉಪ್ಪುಗಾಳಿಗೂ ಸಿಕ್ಕಿ ಕಳೆಗುಂದಿದೆ. ನಡುವೆ ಒಂದೆರಡು ಸಲ ಬಣ್ಣ ಬಳಿಸಿದ್ದರಿಂದ ಮೂಲ ಸಂಖ್ಯೆ ಈಗ ಸರಿಯಾಗಿ ಕಾಣುವುದಿಲ್ಲ. ಹಳೆ ವಿದ್ಯಾರ್ಥಿ ಸಂಘದ ವತಿಯಿಂದ ಅದನ್ನು ಮೂಲರೂಪಕ್ಕೆ ತರಬೇಕೆಂದಿದ್ದೇವೆ. ಅದು ನೌಕಾಪಡೆಯದೆಂದು ಕೆಲವರೂ ವಾಯುಪಡೆಯದೆಂದು ಕೆಲವರೂ ಹೇಳುತ್ತಾರೆ. 1971ರ ಯುದ್ಧದಲ್ಲಿ ಹಾರಿತ್ತೆಂಬ ಮಾತೂ ಇದೆ. ಅದರ ಸೇವಾ ಚರಿತ್ರೆಯನ್ನು ಎಲ್ಲಿಂದ, ಹೇಗೆ ಪತ್ತೆಹಚ್ಚುವುದು?

ಉತ್ತರ: ಪೈಂಟರಿಗೆ ಮುಂಗಡ ಕೊಟ್ಟಿದ್ದರೆ ದಯವಿಟ್ಟು ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ. ನಿಮ್ಮ ಹೆಲಿಕಾಪ್ಟರಿನ ಚರಿತ್ರೆಯ ಮೊದಲ ದಾಖಲೆ ದೆಹಲಿಯ ಯಾವುದೋ ಕಚೇರಿಯಲ್ಲಿಲ್ಲ, ಅದರ ಮೈಮೇಲೆಯೇ ಇದೆ. ಒಮ್ಮೆ ಉಜ್ಜಿ, ಪುಟ್ಟಿ ತುಂಬಿ, ಹೊಸ ಬಣ್ಣ ಹೊಡೆದ ಮೇಲೆ ಆ ದಾಖಲೆಯನ್ನು ಮತ್ತೆ ಪಡೆಯಲು ಯಾವ ದಾರಿಯೂ ಇರುವುದಿಲ್ಲ. ಜೀರ್ಣೋದ್ಧಾರದ ಉತ್ಸಾಹದಲ್ಲಿ ನಡೆಯುವ ನಷ್ಟಗಳಲ್ಲಿ ಇದೇ ದೊಡ್ಡದೆಂದು ನಾನು ತಿಳಿದಿದ್ದೇನೆ.

ಮೈಯನ್ನು ಓದುವುದಕ್ಕೂ ಮೊದಲು ನಿಮ್ಮ ಶಾಲೆಯ ಕಪಾಟನ್ನು ಹುಡುಕಿ. ಸೇನಾಪಡೆಯೊಂದು ತನ್ನ ನಿವೃತ್ತ ಯಂತ್ರವನ್ನು ಪ್ರದರ್ಶನಕ್ಕೆ ಕೊಡುವಾಗ ಮಂಜೂರಾತಿ ಪತ್ರ, ಹಸ್ತಾಂತರದ ವೋಚರ್, ಸಾಗಣೆಯ ಕಾಗದ ಇವೆಲ್ಲ ಹುಟ್ಟುತ್ತವೆ, ಮತ್ತು ಯಂತ್ರದ ಸಂಖ್ಯೆ ಅವುಗಳಲ್ಲಿ ಒಂದರಲ್ಲಾದರೂ ನಮೂದಾಗಿರುವ ಸಾಧ್ಯತೆ ಹೆಚ್ಚು. ಆಡಳಿತ ಮಂಡಳಿಯ ಆ ಕಾಲದ ನಡಾವಳಿ ಪುಸ್ತಕ, ಸ್ಟಾಕ್ ರಿಜಿಸ್ಟರ್, ಲಾರಿ ಬಾಡಿಗೆ ಮತ್ತು ಕ್ರೇನ್ ಬಾಡಿಗೆಯ ರಸೀದಿಗಳು, ಉದ್ಘಾಟನೆಯ ದಿನದ ಫೋಟೋ ಆಲ್ಬಂ ಇವನ್ನು ಒಂದೊಂದಾಗಿ ತೆಗೆಸಿ ನೋಡಿ. ಎನ್‌ಸಿಸಿ ಘಟಕದ ಮೂಲಕ ಬಂದಿದ್ದರೆ ಅವರ ಕಡತವನ್ನೂ ಕೇಳಿ. ಮಂಜೂರಾತಿ ಪತ್ರವನ್ನು ಇನ್ನೊಂದು ಕಾರಣಕ್ಕೂ ಓದಲೇಬೇಕು: ಯಂತ್ರವನ್ನು ನಿಮಗೆ ಪೂರ್ತಿಯಾಗಿ ಕೊಟ್ಟಿದ್ದಾರೋ, ಪ್ರದರ್ಶನಕ್ಕೆಂದು ಮಾತ್ರ ಕೊಟ್ಟಿದ್ದಾರೋ ಎಂಬುದು ಅದರಲ್ಲಿರುತ್ತದೆ. ಪ್ರದರ್ಶನಕ್ಕೆ ಮಾತ್ರವೆಂದಾದರೆ ಬಣ್ಣ, ಗುರುತು ಬದಲಿಸುವ ಮೊದಲು ಆ ಪಡೆಯ ಒಪ್ಪಿಗೆ ಪಡೆಯುವುದು ಕ್ರಮ.

ಇನ್ನು ಸಂಖ್ಯೆಗಳ ವಿಷಯ. ಒಂದು ಹೆಲಿಕಾಪ್ಟರಿನ ಮೇಲೆ ಹಲವು ಬಗೆಯ ಸಂಖ್ಯೆಗಳಿರುತ್ತವೆ, ಅವುಗಳನ್ನು ಬೆರೆಸಿಬಿಟ್ಟರೆ ಹುಡುಕಾಟ ಆರಂಭದಲ್ಲೇ ದಾರಿ ತಪ್ಪುತ್ತದೆ. ಕಾರ್ಖಾನೆಯಿಂದ ಹೊರಬರುವಾಗ ದೇಹಕ್ಕೆ ಕೊಟ್ಟ ತಯಾರಿಕಾ ಸಂಖ್ಯೆ ಒಂದು. ಅದು ಎಂದಿಗೂ ಬದಲಾಗುವುದಿಲ್ಲ. ಪಡೆಗೆ ಸೇರಿದ ಮೇಲೆ ಬಾಲದ ಮೇಲೆ ಬರೆಯುವ ಸೇವಾ ಸಂಖ್ಯೆ ಇನ್ನೊಂದು: ವಾಯುಪಡೆಯ ಹೆಲಿಕಾಪ್ಟರುಗಳಲ್ಲಿ ಅದು ಝಡ್ ಅಕ್ಷರದಿಂದಲೂ, ನೌಕಾಪಡೆಯದರಲ್ಲಿ ಐಎನ್ ಎಂದೂ, ಕರಾವಳಿ ಕಾವಲು ಪಡೆಯದರಲ್ಲಿ ಸಿಜಿ ಎಂದೂ ಆರಂಭವಾಗುತ್ತದೆ. ಮೂರನೆಯದು ಬಿಡಿಭಾಗಗಳ ಮೇಲಿನ ಪಾರ್ಟ್ ನಂಬರ್. ಚೇತಕ್ ಎಂಬುದು ಫ್ರಾನ್ಸಿನ ಅಲುಯೆಟ್ 3ರ ಭಾರತೀಯ ರೂಪವಾದ್ದರಿಂದ ಅದರ ಬಹಳಷ್ಟು ಭಾಗಗಳ ಮೇಲೆ 3160ಎಸ್ ಎಂದು ಆರಂಭವಾಗುವ ಉದ್ದನೆಯ ಅಂಕಿ ಕಾಣುತ್ತದೆ. ಅದು ಆ ಭಾಗದ ವಿನ್ಯಾಸದ ಸಂಖ್ಯೆ, ಎಲ್ಲ ಚೇತಕ್‌ಗಳಲ್ಲೂ ಒಂದೇ. ನಿಮ್ಮ ಯಂತ್ರದ ಗುರುತು ಅದಲ್ಲ. ಅದೇ ತಗಡಿನಲ್ಲಿ ಪಕ್ಕಕ್ಕೋ ಕೆಳಗೋ ಪ್ರತ್ಯೇಕವಾಗಿ ಒತ್ತಿರುವ ಚಿಕ್ಕ ಕ್ರಮಸಂಖ್ಯೆಯನ್ನು ಗುರುತು ಮಾಡಿಕೊಳ್ಳಿ.

ತಯಾರಿಕಾ ಸಂಖ್ಯೆಯಿರುವ ಡೇಟಾ ಪ್ಲೇಟು ಕಾಕ್‌ಪಿಟ್‌ನ ಒಳಗೋ ಕ್ಯಾಬಿನ್ನಿನ ಚೌಕಟ್ಟಿನ ಮೇಲೋ ರಿವೆಟ್ ಹೊಡೆದು ಕೂರಿಸಿದ ಸಣ್ಣ ಲೋಹದ ಫಲಕ. ಅದರ ಮೇಲೆ ಬಣ್ಣ ಕೂತಿದ್ದರೆ ಚಾಕುವಿನಿಂದ ಕೆರೆಯಬೇಡಿ, ಬ್ರಾಸೊ ಹಾಕಿ ಹೊಳಪಿಸಲೂ ಬೇಡಿ. ತೆಳು ಕಾಗದವನ್ನು ಮೇಲಿಟ್ಟು ಮೆತ್ತನೆಯ ಪೆನ್ಸಿಲಿನಿಂದ ಸವರಿ ಅಚ್ಚು ತೆಗೆಯಿರಿ, ಆಮೇಲೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಒತ್ತಿದ ಅಕ್ಷರಗಳು ಓರೆ ಬೆಳಕಿನಲ್ಲಿ ನೆರಳು ಕೊಡುತ್ತವೆ, ನೇರ ಬೆಳಕಿನಲ್ಲಿ ಕೊಡುವುದಿಲ್ಲ. ಪ್ಲೇಟೇ ಕಿತ್ತುಹೋಗಿದ್ದರೆ ಎದೆಗುಂದಬೇಕಾಗಿಲ್ಲ. ಮುಖ್ಯ ಗೇರ್‌ಬಾಕ್ಸ್, ರೋಟರ್ ಹೆಡ್, ಬಾಲದ ಗೇರ್‌ಬಾಕ್ಸ್, ಎಂಜಿನ್, ಪ್ರತಿಯೊಂದು ರೋಟರ್ ಬ್ಲೇಡಿನ ಬುಡ, ಇವುಗಳಿಗೆಲ್ಲ ತಮ್ಮದೇ ಕ್ರಮಸಂಖ್ಯೆಯಿದೆ. ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ.

ಹೀಗೆ ಬರೆದುಕೊಳ್ಳುವಾಗಲೇ ಒಂದು ಎಚ್ಚರ ಬೇಕು. ಹೆಲಿಕಾಪ್ಟರಿನ ಬಹುಪಾಲು ಮುಖ್ಯ ಭಾಗಗಳಿಗೆ ನಿಗದಿತ ಆಯುಸ್ಸಿರುತ್ತದೆ. ಇಷ್ಟು ಗಂಟೆ ಹಾರಿದ ಮೇಲೆ ಅದನ್ನು ಬಿಚ್ಚಿ ಓವರ್‌ಹಾಲ್‌ಗೆ ಕಳುಹಿಸಬೇಕು ಇಲ್ಲವೇ ತೆಗೆದುಹಾಕಬೇಕು, ಆ ಜಾಗಕ್ಕೆ ಉಗ್ರಾಣದಲ್ಲಿ ಸಿದ್ಧವಿರುವ ಮತ್ತೊಂದು ಬರುತ್ತದೆ. ಹಳೆಯ ಗುತ್ತಿನ ಮನೆಯಲ್ಲಿ ತಲೆಮಾರಿಗೊಮ್ಮೆ ಮಾಡು, ಪಕ್ಕಾಸು, ಬಾಗಿಲು ಬದಲಾದರೂ ಮನೆಯ ಹೆಸರು ಉಳಿಯುವಂತೆ ಇಲ್ಲಿ ದೇಹದ ತಯಾರಿಕಾ ಸಂಖ್ಯೆಯೊಂದೇ ಉಳಿಯುತ್ತದೆ. ಚೇತಕ್ ಮತ್ತು ಅದರ ಹತ್ತಿರದ ಸಂಬಂಧಿಯಾದ ಚೀತಾ ಹೆಲಿಕಾಪ್ಟರುಗಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಚೀತಾದ ಮೂಲವಾದ ಫ್ರೆಂಚ್ ಲಾಮಾವನ್ನು ರೂಪಿಸಿದ್ದೇ ಅಲುಯೆಟ್ 2ರ ಹಗುರ ದೇಹಕ್ಕೆ ಅಲುಯೆಟ್ 3ರ ರೋಟರ್, ಗೇರ್‌ಬಾಕ್ಸ್ ಮತ್ತು ಆರ್ಟೂಸ್ಟ್ 3ಬಿ ಎಂಜಿನ್ ಜೋಡಿಸಿ. ಆದ್ದರಿಂದ ಮಲ್ಪೆಯ ಕಡಲಿನ ಮೇಲೆ ಹಾರಿದ ಚೇತಕ್‌ನೊಳಗೆ ಹಿಂದೊಮ್ಮೆ ಹಿಮಾಲಯದ ಚೀತಾದಲ್ಲಿದ್ದ ಎಂಜಿನ್ ಕೂತಿರುವುದು ಅಸಂಭವವೇನಲ್ಲ. ಪ್ರದರ್ಶನಕ್ಕೆ ಕಳುಹಿಸುವಾಗ ಬೇರೆ ಯಂತ್ರದ ಬಾಗಿಲು, ಆಯುಸ್ಸು ಮುಗಿದ ಬ್ಲೇಡು, ಹಾನಿಯಾದ ಟೇಲ್ ಬೂಮ್ (ಬಾಲದ ಉದ್ದನೆಯ ಚೌಕಟ್ಟು) ಜೋಡಿಸಿ ಕಳುಹಿಸುವುದೂ ಉಂಟು. ಸೇವಾ ಸಂಖ್ಯೆ ಟೇಲ್ ಬೂಮಿನ ಮೇಲೆ ಮಾತ್ರ ಕಂಡರೆ ಅದು ಆ ಬೂಮಿನ ಚರಿತ್ರೆಯೇ ಹೊರತು ಕ್ಯಾಬಿನ್ನಿನದೆಂದು ಹೇಳಲಾಗದು. ಶೀರ್ಷಿಕೆಯ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ: ಬಾಲದ ಸಂಖ್ಯೆಯೂ ಡೇಟಾ ಪ್ಲೇಟೂ ಯಾವುದಾದರೊಂದು ಕಾಗದದಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುವವರೆಗೆ ಆ ಸಂಖ್ಯೆಯನ್ನು ಊಹೆಯೆಂದೇ ಇಟ್ಟುಕೊಳ್ಳಬೇಕು.

ಯಾವ ಪಡೆಯದೆಂಬ ನಿಮ್ಮ ವಾದಕ್ಕೆ ದೇಹದಲ್ಲೇ ಸಾಕ್ಷಿಗಳಿರುತ್ತವೆ. ನೌಕಾಪಡೆಯ ಚೇತಕ್‌ಗಳು ಲಿಯಾಂಡರ್ ದರ್ಜೆಯ ಯುದ್ಧನೌಕೆಗಳ ಚಿಕ್ಕ ಡೆಕ್ಕಿನಿಂದಲೂ ಹಾರುತ್ತಿದ್ದವು, ಕೆಲವು ಜಲಾಂತರ್ಗಾಮಿಗಳ ವಿರುದ್ಧ ಟಾರ್ಪೆಡೊ ಹೊರುತ್ತಿದ್ದವು. ಡೆಕ್ಕಿಗೆ ಕಟ್ಟಿ ನಿಲ್ಲಿಸುವ ಕೊಕ್ಕೆಗಳು, ಹೊಟ್ಟೆಯ ಕೆಳಗಿನ ಭಾರ ಹೊರುವ ಬಿಂದುಗಳು, ಬಾಗಿಲ ಮೇಲಿನ ವಿಂಚಿನ (ಹಗ್ಗದಿಂದ ಮೇಲೆತ್ತುವ ಯಂತ್ರದ) ಆಧಾರ, ಇವನ್ನು ಹುಡುಕಿ. ಉಪಕರಣ ತೆಗೆದುಬಿಟ್ಟಿದ್ದರೂ ರಿವೆಟ್ ಹೊಡೆದು ಮುಚ್ಚಿದ ತೇಪೆ, ತುಂಬಿದ ಬೋಲ್ಟ್ ತೂತು ಉಳಿದಿರುತ್ತದೆ. ವಿಂಚ್ ಒಂದೇ ಕಂಡರೆ ನೌಕಾಪಡೆಯೆಂದು ತೀರ್ಮಾನಿಸಬೇಡಿ, ರಕ್ಷಣಾ ಕಾರ್ಯಕ್ಕೆ ಎಲ್ಲ ಪಡೆಗಳೂ ಅದನ್ನು ಬಳಸಿವೆ. ಟ್ಯಾಂಕ್ ನಿರೋಧಕ ಕ್ಷಿಪಣಿ ಹೊರುತ್ತಿದ್ದ ಚೇತಕ್‌ಗಳಲ್ಲಿ ಇಕ್ಕೆಲಗಳ ಚಾಚುತೋಳುಗಳ ಆಧಾರವೂ ಗುರಿಯಿಡುವ ಉಪಕರಣದ ಜಾಗವೂ ಕಾಣಬಹುದು. ಪದರಗಳ ತಳದಲ್ಲಿ ಬಿಳಿ ಬಣ್ಣ ಸಿಕ್ಕರೆ ಕರಾವಳಿ ಕಾವಲು ಪಡೆಯನ್ನೂ ನೆನೆಯಬೇಕು. ಆ ಪಡೆ 1978ರ ಕಾಯ್ದೆಯಿಂದ ಸ್ಥಾಪನೆಯಾಯಿತು, ಅದರ ಕರ್ನಾಟಕ ಜಿಲ್ಲಾ ಮುಖ್ಯ ಕಚೇರಿ ನಮ್ಮ ಪಣಂಬೂರಿನಲ್ಲೇ ಇದೆ. ಯಂತ್ರವೊಂದು ಒಂದಕ್ಕಿಂತ ಹೆಚ್ಚು ಪಡೆಗಳಲ್ಲಿ ಇದ್ದಿರುವ ಸಾಧ್ಯತೆಯೂ ಇದೆ: 1986ರ ನವೆಂಬರ್ 1ರಂದು ಭೂಸೇನೆಯ ವೈಮಾನಿಕ ದಳ ಪ್ರತ್ಯೇಕವಾಗಿ ಆರಂಭವಾದಾಗ ಅದುವರೆಗೆ ವಾಯುಪಡೆಯ ಲೆಕ್ಕದಲ್ಲಿದ್ದ ಹಲವು ಚೇತಕ್, ಚೀತಾಗಳು ಆ ದಳಕ್ಕೆ ವರ್ಗವಾದವು. ಒಂದೇ ಯಂತ್ರ ಎರಡು ಪಡೆಗಳ ಬಣ್ಣ ಹೊತ್ತಿರಬಹುದು.

1971ರ ಮಾತನ್ನು ತೀರ್ಮಾನಿಸುವುದು ಹೋಲಿಕೆಯಲ್ಲಿ ಸುಲಭ. ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಅಲುಯೆಟ್ 3ನ್ನು ತಯಾರಿಸಲು 1962ರಲ್ಲಿ ಪರವಾನಗಿ ಪಡೆಯಿತು, ಬೆಂಗಳೂರಿನಲ್ಲಿ ಜೋಡಿಸಿದ ಮೊದಲ ಯಂತ್ರಗಳು 1965ರಲ್ಲಿ ಹೊರಬಂದವು, ಆಮೇಲೆ ದಶಕಗಳ ಕಾಲ ತಯಾರಿಕೆ ಮುಂದುವರಿಯಿತು. ಆದ್ದರಿಂದ ನಮ್ಮ ಚೇತಕ್‌ಗಳಲ್ಲಿ ಬಹಳಷ್ಟು 1971ರ ನಂತರ ಹುಟ್ಟಿದವು. ಡೇಟಾ ಪ್ಲೇಟಿನಲ್ಲಿ 1978 ಎಂದಿದ್ದರೆ ಯುದ್ಧದ ಕಥೆ ಅಲ್ಲಿಗೇ ಮುಗಿಯಿತು. 1971ಕ್ಕೆ ಮುಂಚಿನದಾಗಿದ್ದರೂ ‘ಆಗ ಇತ್ತು’ ಎಂಬುದಕ್ಕೂ ‘ಯುದ್ಧದಲ್ಲಿ ಹಾರಿತು’ ಎಂಬುದಕ್ಕೂ ನಡುವೆ ದೂರವಿದೆ. ಎರಡನೆಯದಕ್ಕೆ ಸ್ಕ್ವಾಡ್ರನ್ನಿನ ಆ ತಿಂಗಳ ದಾಖಲೆಯೋ ಪೈಲಟ್ಟಿನ ಲಾಗ್‌ಬುಕ್ಕೋ ಬೇಕು. ಆ ಯುದ್ಧದಲ್ಲಿ ಅಲುಯೆಟ್‌ನ ಪಾತ್ರ ನಿಜಕ್ಕೂ ದೊಡ್ಡದು. 1971ರ ಸೆಪ್ಟೆಂಬರ್ 28ರಂದು ನಾಗಾಲ್ಯಾಂಡಿನ ದಿಮಾಪುರದಲ್ಲಿ ಬಂಗಾಳಿ ವೈಮಾನಿಕರು ಕಟ್ಟಿದ ಕಿಲೊ ಫ್ಲೈಟ್ ಎಂಬ ಪುಟ್ಟ ದಳದಲ್ಲಿ ಡಕೋಟಾ, ಆಟರ್ ವಿಮಾನಗಳ ಜೊತೆಗೆ ರಾಕೆಟ್ ಅಳವಡಿಸಿದ ಒಂದು ಅಲುಯೆಟ್ ಇತ್ತು, ಡಿಸೆಂಬರ್ 3ರ ರಾತ್ರಿ ಅದು ನಾರಾಯಣಗಂಜ್ ಬಳಿಯ ಇಂಧನ ಸಂಗ್ರಹಾಗಾರದ ಮೇಲೆ ದಾಳಿ ಮಾಡಿತು. ಇಂಥ ಕೀರ್ತಿಯ ಯಂತ್ರದ ಗುರುತನ್ನು ಪುರಾವೆಯಿಲ್ಲದೆ ಇನ್ನೊಂದರ ಮೇಲೆ ಬರೆಸಿದರೆ ಎರಡೂ ಯಂತ್ರಗಳ ಚರಿತ್ರೆಗೆ ಅನ್ಯಾಯವಾಗುತ್ತದೆ. ನಿಮ್ಮದು ಶಾಂತಿಕಾಲದಲ್ಲಿ ನೆರೆಪೀಡಿತರಿಗೆ ಅಕ್ಕಿಮೂಟೆ ಹೊತ್ತ ಯಂತ್ರವಾಗಿದ್ದರೆ, ಆ ಸೇವೆಯನ್ನೇ ಮಕ್ಕಳಿಗೆ ಹೇಳುವುದರಲ್ಲಿ ಏನೂ ಕಡಿಮೆಯಿಲ್ಲ.

ಈಗ ಬಣ್ಣದ ಪದರಗಳಿಗೆ ಬರೋಣ. ಈ ಕೆಲಸಕ್ಕೆ ಆತುರ ಸಲ್ಲದು. ಮೊದಲು ಇಡೀ ದೇಹವನ್ನು ಮೃದುವಾದ ಸೋಪಿನ ನೀರಿನಿಂದ ತೊಳೆಸಿ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ರಾತ್ರಿ ಹೊತ್ತಿನಲ್ಲಿ ದೀಪವನ್ನು ದೇಹಕ್ಕೆ ಸಮಾನಾಂತರವಾಗಿ ಹಿಡಿದರೆ ಮೇಲಿನ ಬಣ್ಣದ ಅಡಿಯಲ್ಲೂ ಹಳೆಯ ಸಂಖ್ಯೆಯ ಅಂಚು ಸಣ್ಣಗೆ ಉಬ್ಬಿಕೊಂಡಿರುವುದು ಎಷ್ಟೋ ಸಲ ಕಾಣುತ್ತದೆ, ಏಕೆಂದರೆ ಕೊರೆಯಚ್ಚಿನ ಮೂಲಕ ಹೊಡೆದ ಬಣ್ಣಕ್ಕೆ ತನ್ನದೇ ದಪ್ಪವಿರುತ್ತದೆ. ಅದಾದ ಮೇಲೆ ಕಣ್ಣಿಗೆ ಅಷ್ಟಾಗಿ ಬೀಳದ ಒಂದು ಜಾಗದಲ್ಲಿ ನಾಣ್ಯದಷ್ಟು ಅಗಲಕ್ಕೆ ನೀರು ಹಾಕಿ ಉಜ್ಜುವ ಉಪ್ಪುಕಾಗದದಿಂದ, 400ರಿಂದ ಆರಂಭಿಸಿ 800, 1200 ಎಂದು ನುಣುಪಾಗಿಸುತ್ತ, ಅಂಚು ಇಳಿಜಾರಾಗುವಂತೆ ಉಜ್ಜಿ. ಒಂದರೊಳಗೊಂದು ಬಳೆಗಳಂತೆ ಪದರಗಳು ತೆರೆದುಕೊಳ್ಳುತ್ತವೆ: ಹೊರಗೆ ಶಾಲೆಯವರು ಬಳಿಸಿದ್ದು, ಅದರಡಿಯಲ್ಲಿ ಸೇವೆಯ ಕೊನೆಯ ಬಣ್ಣ, ಮತ್ತೆ ಪ್ರೈಮರ್, ಅದಕ್ಕೂ ಹಿಂದಿನ ಬಣ್ಣ, ತಳದಲ್ಲಿ ಲೋಹ. ನಡುವೆ ಎಷ್ಟು ಸಲ ಪ್ರೈಮರ್ ಬಂದಿದೆಯೆಂಬುದರಿಂದ ದೊಡ್ಡ ಓವರ್‌ಹಾಲ್ ಆದದ್ದರ ಅಂದಾಜು ಸಿಗುತ್ತದೆ. ಆದರೆ ಬಣ್ಣವನ್ನು ಪೂರ್ತಿ ತೆಗೆದು ಹೊಸದಾಗಿ ಹೊಡೆದಿದ್ದರೆ ಅದಕ್ಕೂ ಹಿಂದಿನ ಪದರ ಉಳಿದಿರುವುದಿಲ್ಲ. ಬಾಗಿಲು, ಕ್ಯಾಬಿನ್, ಟೇಲ್ ಬೂಮ್ ಮೂರರಲ್ಲೂ ಇದೇ ಪರೀಕ್ಷೆ ಮಾಡಿ. ಪದರಗಳ ಕ್ರಮ ಒಂದೇ ಇದ್ದರೆ ಮೂರೂ ಬಹುಕಾಲ ಒಟ್ಟಿಗಿದ್ದವು. ಬೇರೆಯಾಗಿದ್ದರೆ ಮೇಲೆ ಹೇಳಿದ ಜೋಡಣೆಯ ವಿಷಯ ರುಜುವಾತಾಯಿತು. ಸೀಟಿನ ಅಡಿ, ಉಪಕರಣ ಫಲಕದ ಹಿಂಬದಿ, ಬಾಗಿಲ ಕೀಲಿನ ಸಂದುಗಳಲ್ಲಿ ಪೈಂಟರಿನ ಬ್ರಶ್ಶು ತಲುಪಿರುವುದಿಲ್ಲವಾದ್ದರಿಂದ ಮೂಲ ಬಣ್ಣದ ನಿಜವಾದ ಛಾಯೆ ಅಲ್ಲೇ ಸಿಗುವುದು. ಬಿಸಿಲಿಗೆ ಮಾಸಿದ ಹೊರಮೈಯನ್ನು ನೋಡಿ ಬಣ್ಣ ಹೊಂದಿಸಬೇಡಿ.

ಎರಡು ಅಪಾಯಗಳನ್ನು ಹೇಳದೆ ಮುಂದುವರಿಯಲಾರೆ. ಹಳೆಯ ವಿಮಾನಗಳ ಹಳದಿ-ಹಸಿರು ಪ್ರೈಮರಿನಲ್ಲಿ ಕ್ರೋಮೇಟ್ ಇರುತ್ತದೆ, ಅದರ ಧೂಳು ಕ್ಯಾನ್ಸರ್‌ಕಾರಕ. ಒಣ ಉಜ್ಜುವಿಕೆ ಬೇಡವೇ ಬೇಡ, ಸರಿಯಾದ ಮುಖಗವಸು ಮತ್ತು ಕೈಗವಸು ಬೇಕು, ಈ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಹಚ್ಚಲೇಬಾರದು. ಎರಡನೆಯದಾಗಿ, ಆ ಕಾಲದ ಕೆಲವು ಉಪಕರಣಗಳ ಮುಳ್ಳು ಮತ್ತು ಅಂಕಿಗಳು ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಹೊಳಪು ಆರಿದೆಯೆಂದು ವಿಕಿರಣವೂ ಆರಿದೆಯೆಂದು ತಿಳಿಯಬಾರದು. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ವಿಕಿರಣ ಅಳೆಯುವ ಉಪಕರಣವಿರುವ ಕಾಲೇಜಿನ ಭೌತಶಾಸ್ತ್ರ ವಿಭಾಗದವರಿಂದ ಫಲಕವನ್ನು ಪರೀಕ್ಷಿಸಿ ನೋಡುವವರೆಗೆ ಯಾವ ಡಯಲಿನ ಗಾಜನ್ನೂ ಬಿಚ್ಚಬೇಡಿ.

ದೇಹದಿಂದ ಸಂಖ್ಯೆಗಳು ಕೈಗೆ ಬಂದ ಮೇಲೆ ಕಡತಗಳ ಕಡೆಗೆ ಹೋಗಿ. ಅದಕ್ಕೂ ಮೊದಲು ಹೋದರೆ ಏನನ್ನು ಕೇಳಬೇಕೆಂಬುದೇ ತಿಳಿದಿರುವುದಿಲ್ಲ. ಸೇವೆಯಲ್ಲಿದ್ದಾಗ ಪ್ರತಿಯೊಂದು ಯಂತ್ರಕ್ಕೂ ದೇಹದ ಲಾಗ್‌ಬುಕ್, ಎಂಜಿನ್ನಿನ ಲಾಗ್‌ಬುಕ್, ಆಯುಸ್ಸು ನಿಗದಿಯಾದ ಭಾಗಗಳ ಲಾಗ್ ಕಾರ್ಡು ಇರುತ್ತವೆ. ಭಾಗವೊಂದು ಬೇರೆ ಯಂತ್ರಕ್ಕೆ ಹೋದರೆ ಅದರ ಕಾರ್ಡೂ ಜೊತೆಗೆ ಹೋಗುತ್ತದೆ. ದಿನನಿತ್ಯದ ತಪಾಸಣೆಯ ದಾಖಲೆಗೆ ವಾಯುಪಡೆಯಲ್ಲಿ ಬ್ರಿಟಿಷರ ಕಾಲದಿಂದ ಬಂದ ಫಾರ್ಮ್ 700 ಎಂಬ ಹೆಸರೇ ಇದೆ. ಯಂತ್ರ ಪಟ್ಟಿಯಿಂದ ಹೊರಬಿದ್ದ ಮೇಲೆ ಈ ಪುಸ್ತಕಗಳೆಲ್ಲ ಉಳಿದಿರುತ್ತವೆಂಬ ಭರವಸೆಯಿಲ್ಲ, ಆದರೆ ತಯಾರಕರ ಬಳಿ ಹಸ್ತಾಂತರದ ಮತ್ತು ಓವರ್‌ಹಾಲ್‌ನ ದಾಖಲೆಗಳು ಬೇರೆಯಾಗಿ ಇರುವ ಅವಕಾಶವಿದೆ. ಆದ್ದರಿಂದ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್‌ಗೂ ಸಂಬಂಧಪಟ್ಟ ಪಡೆಯ ಮುಖ್ಯ ಕಚೇರಿಗೂ ಡೇಟಾ ಪ್ಲೇಟಿನ ಅಚ್ಚಿನೊಂದಿಗೆ ಮೊದಲು ವಿನಯದ ಪತ್ರ ಬರೆಯಿರಿ. ಪ್ರದರ್ಶನ ಯಂತ್ರದ ಬಗ್ಗೆ ಶಾಲೆಯೊಂದು ಕೇಳಿದರೆ ಸಹಾಯ ಮಾಡುವ ಅಧಿಕಾರಿಗಳು ಇದ್ದೇ ಇದ್ದಾರೆ.

ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಮೂರೂ ಸೇನಾಪಡೆಗಳು ಈ ಕಾಯ್ದೆಯ ವ್ಯಾಪ್ತಿಗೆ ಒಳಪಟ್ಟಿವೆ. ಅರ್ಜಿಯನ್ನು ಸಂಘದ ಹೆಸರಿನಲ್ಲಿ ಹಾಕದೆ ಒಬ್ಬ ನಾಗರಿಕರ ಹೆಸರಿನಲ್ಲಿ ಹಾಕಿ, ಶುಲ್ಕ 10 ರೂಪಾಯಿ, 30 ದಿನಗಳೊಳಗೆ ಉತ್ತರ ಬರಬೇಕು. ‘ಈ ಹೆಲಿಕಾಪ್ಟರಿನ ಪೂರ್ಣ ಚರಿತ್ರೆ ಕೊಡಿ’ ಎಂದು ಬರೆದರೆ ಉಪಯೋಗವಾಗದು. ಇಂಥ ತಯಾರಿಕಾ ಸಂಖ್ಯೆಯ ಯಂತ್ರಕ್ಕೆ ಕೊಟ್ಟ ಸೇವಾ ಸಂಖ್ಯೆ ಯಾವುದು, ಅದು ಪಡೆಗೆ ಸೇರಿದ ದಿನಾಂಕ, ಪಟ್ಟಿಯಿಂದ ತೆಗೆದ ದಿನಾಂಕ, ಒಟ್ಟು ಹಾರಾಟದ ಗಂಟೆಗಳು, ಪ್ರದರ್ಶನಕ್ಕೆ ಮಂಜೂರು ಮಾಡಿದ ಆದೇಶದ ಪ್ರತಿ, ಹೀಗೆ ಒಂದೊಂದನ್ನೂ ಬಿಡಿಸಿ ಕೇಳಿ. ಭದ್ರತೆಯ ಕಾರಣವೊಡ್ಡಿ 8ನೇ ಸೆಕ್ಷನ್ನಿನಡಿ ನಿರಾಕರಿಸಿದರೆ, ಕೊಡಬಹುದಾದ ಭಾಗವನ್ನು ಬೇರ್ಪಡಿಸಿ ಕೊಡಬೇಕೆನ್ನುವ 10ನೇ ಸೆಕ್ಷನ್ನನ್ನು ಉಲ್ಲೇಖಿಸಿ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಪ್ರಕಟಿಸಿದ ನೀತಿಯ ಪ್ರಕಾರ ಯುದ್ಧ ಮತ್ತು ಕಾರ್ಯಾಚರಣೆಯ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಗೌಪ್ಯತೆಯಿಂದ ಮುಕ್ತಗೊಳಿಸಬೇಕು, ಅದಕ್ಕಿಂತ ಹಳೆಯವನ್ನು ತಜ್ಞರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಿಸಬೇಕು. ಸ್ಕ್ವಾಡ್ರನ್ ದಾಖಲೆಗಳಿಗಾಗಿ ಕೇಳುವಾಗ ಈ ನೀತಿಯನ್ನು ಉಲ್ಲೇಖಿಸುವುದು ಒಳ್ಳೆಯದು.

ಅಮೆರಿಕದ ಭೂಸೇನೆಯ ಹ್ಯೂಯಿ ಹೆಲಿಕಾಪ್ಟರಾಗಿದ್ದರೆ ಬಾಲದ ಸಂಖ್ಯೆಯ ಮೊದಲೆರಡು ಅಂಕಿಗಳೇ ಅದನ್ನು ಖರೀದಿಸಿದ ಹಣಕಾಸು ವರ್ಷವನ್ನು ಹೇಳುತ್ತಿದ್ದವು. ಬ್ರಿಟಿಷ್ ವಾಯುಪಡೆಯದಾಗಿದ್ದರೆ ಪ್ರತಿ ಯಂತ್ರದ ವರ್ಗಾವಣೆ ಬರೆದ ಫಾರ್ಮ್ 78 ಎಂಬ ಕಾರ್ಡನ್ನು ಹುಡುಕಬಹುದಿತ್ತು. ನಮ್ಮಲ್ಲಿ ಅಂಥ ಸೌಕರ್ಯ ಸಾರ್ವಜನಿಕರಿಗೆ ತೆರೆದಿಲ್ಲವಾದ್ದರಿಂದ ಆ ಕೊರತೆಯನ್ನು ಮನುಷ್ಯರೇ ತುಂಬಬೇಕು. ಕರಾವಳಿಯಲ್ಲೂ ಕೊಡಗಿನಲ್ಲೂ ಮೂರೂ ಪಡೆಗಳಿಂದ ನಿವೃತ್ತರಾದವರು ಬಹಳ ಮಂದಿ ಇದ್ದಾರೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಹಾಗೂ ಮಾಜಿ ಸೈನಿಕರ ಸಂಘಗಳ ಮೂಲಕ ಚೇತಕ್ ಹಾರಿಸಿದವರನ್ನು, ಅದಕ್ಕಿಂತ ಹೆಚ್ಚಾಗಿ ಅದನ್ನು ಸರ್ವಿಸ್ ಮಾಡಿದ ತಂತ್ರಜ್ಞರನ್ನು ಹುಡುಕಿ. ಪೈಲಟ್ಟಿನ ವೈಯಕ್ತಿಕ ಲಾಗ್‌ಬುಕ್ಕಿನಲ್ಲಿ ಪ್ರತಿ ಹಾರಾಟಕ್ಕೂ ದಿನಾಂಕ, ಯಂತ್ರದ ಸಂಖ್ಯೆ, ಕೆಲಸದ ಸ್ವರೂಪ, ಅವಧಿ ನಮೂದಾಗಿರುತ್ತದೆ. ‘ನಿಮಗೆ ನೆನಪಿದೆಯೇ ಸರ್’ ಎಂದು ಕೇಳುವ ಬದಲು ‘ಈ ಸಂಖ್ಯೆ ನಿಮ್ಮ ಲಾಗ್‌ಬುಕ್ಕಿನಲ್ಲಿ ಸಿಗುತ್ತದೆಯೇ’ ಎಂದು ಕೇಳಿ. ನಲವತ್ತು ವರ್ಷ ಹಿಂದಿನ ನೆನಪು ಎಷ್ಟೇ ಪ್ರಾಮಾಣಿಕವಾಗಿದ್ದರೂ ಸಂಖ್ಯೆಗಳಲ್ಲಿ ಎಡವುತ್ತದೆ, ಆ ದಿನವೇ ಬರೆದ ಸಾಲು ಅಷ್ಟು ಸುಲಭವಾಗಿ ಎಡವುವುದಿಲ್ಲ. ಸಿಕ್ಕ ಪುಟದ ಫೋಟೋ ಪಡೆಯುವಾಗ ಅವರ ಖಾಸಗಿ ವಿವರಗಳನ್ನು ಮುಚ್ಚಿಕೊಳ್ಳಿ. ಯಂತ್ರ ನಿಮ್ಮ ಶಾಲೆಗೆ ಬಂದ ಸುದ್ದಿಗಾಗಿ ಮಣಿಪಾಲದಿಂದ 1970ರಲ್ಲಿ ಆರಂಭವಾದ ಉದಯವಾಣಿಯ ಹಳೆಯ ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ನೋಡುವುದನ್ನೂ ಮರೆಯಬೇಡಿ. ಲಾರಿಯಿಂದ ಇಳಿಸುವ ಫೋಟೋದಲ್ಲಿ ಬಾಲದ ಸಂಖ್ಯೆ ಸ್ಪಷ್ಟವಾಗಿ ಬಿದ್ದಿದ್ದರೆ ಅರ್ಧ ಕೆಲಸ ಆದಂತೆ.

ಇದೆಲ್ಲ ಮುಗಿದ ಮೇಲೆ ‘ಮೂಲರೂಪ’ ಯಾವುದೆಂಬ ಪ್ರಶ್ನೆ ಉಳಿಯುತ್ತದೆ. ಕಾರ್ಖಾನೆಯಿಂದ ಹೊರಬಂದ ದಿನದ ಬಣ್ಣವೋ, ಅತ್ಯಂತ ಸ್ಮರಣೀಯ ವರ್ಷದ್ದೋ, ನಿವೃತ್ತಿಯ ದಿನದ್ದೋ? ನನ್ನ ಅಭಿಪ್ರಾಯದಲ್ಲಿ ಪದರಗಳಲ್ಲೂ ಫೋಟೋದಲ್ಲೂ ಸಾಕ್ಷ್ಯ ಪೂರ್ತಿಯಾಗಿ ಸಿಗುವ ಬಣ್ಣವನ್ನೇ ಆರಿಸಬೇಕು, ಸಾಮಾನ್ಯವಾಗಿ ಅದು ಸೇವೆಯ ಕೊನೆಯ ಬಣ್ಣ. ಟೇಲ್ ಬೂಮ್ ಬೇರೆ ಯಂತ್ರದ್ದೆಂದು ಗೊತ್ತಾದರೆ ಫಲಕದಲ್ಲಿ ಹಾಗೆಯೇ ಬರೆಸಿ. ದಾಖಲೆಯಿಂದ ತಿಳಿದದ್ದು, ಹಿರಿಯರು ಹೇಳಿದ್ದು, ನೀವು ಊಹಿಸಿದ್ದು, ಮೂರನ್ನೂ ಬೇರೆ ಬೇರೆಯಾಗಿ ತೋರಿಸಿ. ಪರೀಕ್ಷೆಗಾಗಿ ಉಜ್ಜಿದ ಆ ನಾಣ್ಯದಗಲದ ಜಾಗವನ್ನು ಹೊಸ ಬಣ್ಣದಡಿ ಮುಚ್ಚಿಬಿಡದೆ ಪಾರದರ್ಶಕ ಲ್ಯಾಕರ್ ಹಚ್ಚಿ ಹಾಗೆಯೇ ಉಳಿಸಿ, ಮುಂದಿನವರು ಅದನ್ನು ಮತ್ತೆ ಪರಿಶೀಲಿಸಬಹುದು. ಕೆಲಸ ಈ ವರ್ಷ ಮುಗಿಯುವಂತಿಲ್ಲದಿದ್ದರೆ ಜೂನ್‌ಗೆ ಮೊದಲು ಎಂಜಿನ್ನಿನ ಗಾಳಿಬಾಯಿ ಮತ್ತು ಹೊಗೆಕೊಳವೆಗಳಿಗೆ ಮುಚ್ಚಳ ಹಾಕಿಸಿ, ಹೊಟ್ಟೆಯ ಅಡಿಯ ನೀರು ಇಳಿಯುವ ತೂತುಗಳಲ್ಲಿ ಕಟ್ಟಿದ ಹಳೆ ಬಣ್ಣವನ್ನೂ ಕಣಜದ ಗೂಡನ್ನೂ ತೆಗೆಸಿ. ಗೇರ್‌ಬಾಕ್ಸಿನ ಹೊರಕವಚ ಮೆಗ್ನೀಸಿಯಂ ಮಿಶ್ರಲೋಹದ್ದು, ನಿಂತ ಉಪ್ಪುನೀರಿಗೆ ಅಲ್ಯೂಮಿನಿಯಂಗಿಂತ ಬೇಗ ಬಲಿಯಾಗುತ್ತದೆ, ನಿಮಗೆ ಬೇಕಾದ ಕ್ರಮಸಂಖ್ಯೆಗಳಲ್ಲಿ ಒಂದು ಅದರ ಮೇಲೆಯೇ ಇದೆ.